ಫ್ಲಾರೆನ್ಸ್‌ನಲ್ಲಿ ಎರಡೂವರೆ ದಿನ: ಯಾವುದು ನೋಡಲೇಬೇಕು, ಯಾವುದು ಬಿಡಬಹುದು?

ಕೇಳಿದವರು, ಬೆಂಗಳೂರು:
ಮೇ ತಿಂಗಳಲ್ಲಿ ಇಟಲಿಗೆ ಹೊರಟಿದ್ದೇವೆ. ರೋಮ್ ಮತ್ತು ವೆನಿಸ್ ನಡುವೆ ಫ್ಲಾರೆನ್ಸ್‌ಗೆ ಎರಡೂವರೆ ದಿನ ಸಿಗುತ್ತದೆ, ಅದರಲ್ಲಿ ಒಂದು ಸೋಮವಾರ. ಜೊತೆಗೆ ಅಮ್ಮ (68 ವರ್ಷ, ಮಂಡಿ ನೋವು) ಮತ್ತು ಮಗ (11, ಮ್ಯೂಸಿಯಂ ಅಂದರೆ ಮೂಗು ಮುರಿಯುತ್ತಾನೆ). ಎಲ್ಲರೂ ಸಸ್ಯಾಹಾರಿಗಳು. ನೆಟ್‌ನಲ್ಲಿ ಪಟ್ಟಿ ನೋಡಿ ತಲೆ ಕೆಟ್ಟಿದೆ. ಹೋಗಿ ಬಂದವರು ಸ್ವಲ್ಪ ಹೇಳಿ.

ಮೈಸೂರಿನಿಂದ:
ಮೊದಲು ಸೋಮವಾರದ ವಿಷಯ. ಉಫೀಜಿ, ಅಕಾಡೆಮಿಯಾ ಅಂತ ಎರಡು ದೊಡ್ಡ ಕಲಾ ಮ್ಯೂಸಿಯಂ ಇವೆಯಲ್ಲ, ಎರಡಕ್ಕೂ ಸೋಮವಾರ ರಜೆ. ನಾವು ಗೊತ್ತಿಲ್ಲದೆ ಹೋಗಿ, ಬಾಗಿಲು ನೋಡಿಕೊಂಡು ವಾಪಸ್ ಬಂದೆವು. ಆ ದಿನವನ್ನು ದೊಡ್ಡ ಚರ್ಚಿಗೆ, ಅಂದರೆ ದುವೋಮೊಗೆ ಇಡಿ. ಒಳಗೆ ಹೋಗಲು ದುಡ್ಡಿಲ್ಲ. ಆದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಬೇಕು.

ಗುಮ್ಮಟ ಹತ್ತುವುದಕ್ಕೆ ಮಾತ್ರ ಟಿಕೆಟ್ ಬೇಕು, ಹೊತ್ತು ಗೊತ್ತು ಮಾಡಿಕೊಂಡು ಮುಂಚೆಯೇ ಬುಕ್ ಮಾಡಬೇಕು. 463 ಮೆಟ್ಟಿಲು, ಲಿಫ್ಟ್ ಇಲ್ಲ. ಅಮ್ಮನಿಗೆ ಖಂಡಿತ ಬೇಡ. ಮಗನನ್ನು ಮಾತ್ರ ಬಿಡದೆ ಹತ್ತಿಸಿ. ಈ ಗುಮ್ಮಟಕ್ಕೆ ಒಳಗೊಂದು ಚಿಪ್ಪು, ಹೊರಗೊಂದು ಚಿಪ್ಪು. ಹತ್ತುವ ದಾರಿ ಇರುವುದು ಇವೆರಡರ ಸಂದಿಯಲ್ಲಿ. ಮೇಲೆ ಹೋದಂತೆ ಗೋಡೆ ನಮ್ಮ ಕಡೆ ವಾಲುತ್ತದೆ, ತಲೆ ತಗ್ಗಿಸಿ ನಡೆಯಬೇಕು. ಕೆಲವು ಕಡೆ ಇಟ್ಟಿಗೆಗಳನ್ನು ಒಂದು ಅಡ್ಡ, ಒಂದು ಉದ್ದ ಅಂತ ಹೆಣೆದ ಹಾಗೆ ಕೂರಿಸಿದ್ದು ಕಣ್ಣೆದುರಿಗೇ ಕಾಣುತ್ತದೆ. ನೆಲದಿಂದ ಮರದ ಆಸರೆ ಕೊಡದೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇದನ್ನು ಮೇಲೆಬ್ಬಿಸಿದ್ದು ಹೀಗೆ, 1420ರಿಂದ 1436ರವರೆಗೆ. ನನ್ನ ಮಗಳು ಇಡೀ ಇಟಲಿಯಲ್ಲಿ ಪ್ರಶ್ನೆ ಕೇಳಿದ್ದು ಇದೊಂದೇ ಜಾಗದಲ್ಲಿ.

ನೀವು ಹತ್ತಿ ಇಳಿಯುವಷ್ಟರಲ್ಲಿ ಅಮ್ಮ ಚರ್ಚಿನ ಹಿಂದಿರುವ ಮ್ಯೂಸಿಯಂನಲ್ಲಿ ಆರಾಮಾಗಿ ಇರಬಹುದು. ಚರ್ಚಿನ ಎದುರಿನ ದೀಕ್ಷಾಸ್ನಾನ ಮಂದಿರಕ್ಕೆ ಗಿಬರ್ಟಿ ಅನ್ನುವ ಶಿಲ್ಪಿ 27 ವರ್ಷ ಕೂತು ಮಾಡಿದ ಬಾಗಿಲು ಅಲ್ಲಿದೆ. ಹೊರಗೆ ಜನ ಮುಗಿಬಿದ್ದು ಫೋಟೋ ತೆಗೆಯುವುದು ಅದರ ನಕಲು!

ಮ್ಯೂನಿಕ್‌ನಿಂದ:
ಉಫೀಜಿ ಬಗ್ಗೆ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಎಲ್ಲ ಕೋಣೆ ನೋಡುತ್ತೇವೆ ಅಂತ ಹೋದರೆ ಮೂರನೇ ಗಂಟೆಗೆ ಎಲ್ಲ ಮಾತೆ ಮೇರಿಯರೂ ಒಂದೇ ಥರ ಕಾಣುತ್ತಾರೆ. ಬೊತ್ತಿಚೆಲ್ಲಿಯ ವೀನಸ್ ಚಿತ್ರ, ಲಿಯೊನಾರ್ಡೊ, ಕರವಾಜ್ಜೊ ಬಿಡಿಸಿದವು, ಇಷ್ಟು ನೋಡಿ ಹೊರಗೆ ಬನ್ನಿ. ಹುಡುಗನ ಜೊತೆಗೆ ಒಂದೂವರೆ ಗಂಟೆ ಸಾಕು.

ಒಂದೇ ಒಳಾಂಗಣ ಆರಿಸಿ ಅಂದರೆ ನಾನು ಅಕಾಡೆಮಿಯಾ ಅನ್ನುತ್ತೇನೆ. ಡೇವಿಡ್ ಮೂರ್ತಿ 5.17 ಮೀಟರ್ ಎತ್ತರ. ಬೇರೆ ಶಿಲ್ಪಿಗಳು ಶುರು ಮಾಡಿ ಕೈಬಿಟ್ಟ, ಎಷ್ಟೋ ವರ್ಷ ಬಿಸಿಲು ಮಳೆಗೆ ಬಿದ್ದಿದ್ದ ಕಲ್ಲನ್ನು ಮೈಕೆಲ್‌ಆಂಜೆಲೊ 26ನೇ ವಯಸ್ಸಿನಲ್ಲಿ ಕೈಗೆತ್ತಿಕೊಂಡ. ಆ ಬಲಗೈ ಹತ್ತಿರ ನಿಂತು ನೋಡಿ. ಮೈಯ ಅಳತೆಗೆ ಹೋಲಿಸಿದರೆ ಕೈ ದೊಡ್ಡದು, ನರಗಳು ಉಬ್ಬಿವೆ. ಡೇವಿಡ್ ಕಡೆ ಹೋಗುವ ದಾರಿಯಲ್ಲೇ ಅರ್ಧ ಕಲ್ಲಿನೊಳಗೆ ಸಿಕ್ಕಿಕೊಂಡ ಸೆರೆಯಾಳುಗಳಿದ್ದಾರೆ, ಮೈಕೆಲ್‌ಆಂಜೆಲೊನೇ ಪೂರ್ತಿ ಕೆತ್ತದೆ ಬಿಟ್ಟ ಮೂರ್ತಿಗಳು. ಎಲ್ಲರೂ ಅವರನ್ನು ದಾಟಿ ಓಡುತ್ತಾರೆ, ನೀವು ನಿಲ್ಲಿ.

ಇನ್ನೊಂದು: ಬಾಡಿಗೆ ಕಾರು ತೆಗೆದುಕೊಂಡು ಹಳೇ ಊರಿನೊಳಗೆ ನುಗ್ಗಬೇಡಿ. ಅಲ್ಲಿಗೆ ಬರಲು ಪರವಾನಗಿ ಇಲ್ಲದ ಗಾಡಿಯ ನಂಬರ್ ಅನ್ನು ಕ್ಯಾಮೆರಾ ಓದಿಬಿಡುತ್ತದೆ. ನನಗೆ ದಂಡದ ಕಾಗದ ಬಂದಿದ್ದು ಐದು ತಿಂಗಳ ಮೇಲೆ, ಒಂದಲ್ಲ, ಎರಡು. ದಾರಿ ತಪ್ಪಿ ಒಂದೇ ಬೀದಿಗೆ ಎರಡು ಸಲ ಹೋಗಿದ್ದೆ. ರೈಲಿನಲ್ಲೇ ಹೋಗಿ, ರೋಮ್‌ನಿಂದ ಒಂದೂವರೆ ಗಂಟೆ. ಸ್ಟೇಷನ್‌ನಿಂದ ದುವೋಮೊ ಹತ್ತೇ ನಿಮಿಷದ ನಡಿಗೆ.

ಶಿವಮೊಗ್ಗದಿಂದ:
ಮ್ಯೂಸಿಯಂ ಸಾಕು, ಊಟದ ಕಥೆ ನಾನು ಹೇಳುತ್ತೇನೆ. ಅಲ್ಲಿಯ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ಮರೆತಿದ್ದಾರೇನೋ ಅಂತ ನಾವು ಹೋಟೆಲಿನವರನ್ನು ಕೇಳಿ ನಗೆಪಾಟಲಾದೆವು. ಚಟ್ನಿಪುಡಿ ಇಟ್ಟುಕೊಳ್ಳಿ, ಸುಮ್ನೆ ಹೇಳುತ್ತಿಲ್ಲ.

ರಿಬೊಲ್ಲಿತಾ ಅಂತ ಒಂದಿದೆ. ಹಿಂದಿನ ದಿನದ ಬ್ರೆಡ್, ಬಿಳಿ ಬೀನ್ಸ್, ಸೊಪ್ಪು ಹಾಕಿ ಕುದಿಸಿದ ಗಟ್ಟಿ ಸಾರು. ಪಪ್ಪಾ ಅಲ್ ಪೊಮೊದೊರೊ ಅಂದರೆ ಟೊಮ್ಯಾಟೊದಲ್ಲಿ ಬ್ರೆಡ್ ಬೆಂದು ಮುದ್ದೆಯಾದದ್ದು. ಅಮ್ಮನಿಗೆ ಇವೆರಡೂ ಹಿಡಿಸುತ್ತವೆ. ಆದರೆ ಮಾಂಸದ ನೀರು ಹಾಕಿದ್ದೀರಾ ಅಂತ ಕೇಳಿಯೇ ಆರ್ಡರ್ ಮಾಡಿ. ಬೀದಿ ಗಾಡಿಯಲ್ಲಿ ‘ಲಂಪ್ರೆದೊತ್ತೊ’ ಅಂತ ಬರೆದಿದ್ದರೆ ದೂರ ಇರಿ, ಅದು ದನದ ಹೊಟ್ಟೆಯ ಭಾಗ. ಬಿಲ್‌ನಲ್ಲಿ ತಲೆಗಿಷ್ಟು ಅಂತ ‘ಕೊಪೆರ್ತೊ’ ಸೇರಿರುತ್ತದೆ. ಅದು ಮೋಸ ಅಲ್ಲ, ಕೂತಿದ್ದಕ್ಕೆ ದುಡ್ಡು. ಕಾಫಿ ನಿಂತೇ ಕುಡಿಯಿರಿ, ಅಗ್ಗ.

ಮಗನಿಗೆ ಪೊಂತೆ ವೆಕ್ಕಿಯೊ ಸೇತುವೆ ತೋರಿಸಿ. ಈಗ ಎರಡೂ ಕಡೆ ಬರೀ ಚಿನ್ನದ ಅಂಗಡಿ. ಮೊದಲು ಅಲ್ಲಿ ಕಟುಕರಿದ್ದರು, ಕಸವೆಲ್ಲ ನದಿಗೆ ಹೋಗುತ್ತಿತ್ತು. 1593ರಲ್ಲಿ ಅಲ್ಲಿಯ ದೊರೆ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಪಕ್ಕದ ಸಂತೆಯಲ್ಲಿ ಕಂಚಿನ ಕಾಡುಹಂದಿ ಇದೆ, ಜನ ಉಜ್ಜಿ ಉಜ್ಜಿ ಮೂತಿ ಮಾತ್ರ ಫಳಫಳ. ಬಾಯಲ್ಲಿ ನಾಣ್ಯ ಇಟ್ಟು ಬಿಡಬೇಕು, ಕೆಳಗಿನ ಜಾಲರಿಯೊಳಗೆ ಬಿದ್ದರೆ ಅದೃಷ್ಟ. ನಮ್ಮವನು ಆರು ನಾಣ್ಯ ಕಳೆದ.

ಬೆಳಗಾವಿಯಿಂದ:
ಯಾರೂ ಹೇಳದ ಒಂದು ಜಾಗ ಹೇಳುತ್ತೇನೆ. ಕಾಶಿನೆ ಪಾರ್ಕ್. ಕೊಲ್ಹಾಪುರದ ರಾಜಾರಾಮ ಮಹಾರಾಜರು ಇಂಗ್ಲೆಂಡ್ ನೋಡಿಕೊಂಡು ವಾಪಸ್ ಬರುತ್ತಾ 1870ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲೇ ತೀರಿಕೊಂಡರು. ವಯಸ್ಸು ಇಪ್ಪತ್ತು. ಆರ್ನೊ ಮತ್ತು ಮುನ್ಯೋನೆ ನದಿಗಳು ಕೂಡುವ ಕಡೆ ಹಿಂದೂ ಪದ್ಧತಿಯಲ್ಲೇ ಸುಟ್ಟರು. 1874ರಲ್ಲಿ ಅಲ್ಲಿ ಛತ್ರಿ, ಅಂದರೆ ಸ್ಮಾರಕ ಮಂಟಪ, ಕಟ್ಟಿ ಒಳಗೆ ಅವರ ತಲೆಯಿಂದ ಎದೆಯವರೆಗಿನ ಮೂರ್ತಿ ಇಟ್ಟರು. ಮುಂಡಾಸು, ಮುತ್ತಿನ ಸರ, ಎಲ್ಲ ಬಣ್ಣದಲ್ಲಿ. ಹತ್ತಿರದ ಸೇತುವೆಗೂ ‘ಇಂಡಿಯನ್’ ಅಂತಲೇ ಹೆಸರು.

ಪಾರ್ಕಿನ ಪಶ್ಚಿಮದ ತುದಿಯಲ್ಲಿದೆ, ದೂರ. ನಾನು ಹೋದಾಗ ಅಲ್ಲಿ ಇದ್ದವರು ಇಬ್ಬರೇ, ನಾಯಿ ಓಡಾಡಿಸುತ್ತಿದ್ದ ಒಬ್ಬ ಅಜ್ಜ ಮತ್ತು ನಾನು. ಎರಡೂವರೆ ದಿನದಲ್ಲಿ ಇದು ಹಿಡಿಸುತ್ತಾ ಅಂತ ನೀವೇ ನೋಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಬೆಳಗ್ಗೆ ಗುಮ್ಮಟಕ್ಕೆ ಎರಡು ಟಿಕೆಟ್ ಬುಕ್ ಆಯಿತು. ಮಂಗಳವಾರ ಅಕಾಡೆಮಿಯಾ. ಉಫೀಜಿ ಬಿಟ್ಟೆ, ಬೈಯಬೇಡಿ. ಇವನ್ನೆಲ್ಲ ಅಮ್ಮನಿಗೆ ಓದಿ ಹೇಳುತ್ತಿದ್ದೆ. ಅವರ ತವರು ನಿಪ್ಪಾಣಿ. ಡೇವಿಡ್‌ಗೆ ‘ಹೂಂ’ ಅಂದವರು ಕೊಲ್ಹಾಪುರ ಅಂದ ಕೂಡಲೇ ಕನ್ನಡಕ ಹಾಕಿಕೊಂಡು ಎದ್ದು ಕೂತರು. ಬೆಳಗಾವಿಯವರೇ, ಆ ಛತ್ರಿ ಹತ್ತಿರದವರೆಗೂ ಟ್ಯಾಕ್ಸಿ ಹೋಗುತ್ತದಾ, ಎಷ್ಟು ನಡೆಯಬೇಕು?