ಕಲ್ಲಂಗಡಿ ಸೋರ್ಬೆ ನಿಜಕ್ಕೂ ಕಲ್ಲಾಗೋಯ್ತು, ಎಲ್ಲಿ ತಪ್ಪಿದೆ ಹೇಳಿ

ಬೇಸಿಗೆ ರಜೆ, ಮಕ್ಕಳು ದಿನಾ ಐಸ್‌ಕ್ರೀಂ ಐಸ್‌ಕ್ರೀಂ ಅಂತ ಪ್ರಾಣ ತಿಂತಾವೆ, ಹಾಲು ಕ್ರೀಂ ಏನೂ ಬೇಡ ಬರೀ ಹಣ್ಣಲ್ಲೇ ಏನಾದ್ರೂ ಮಾಡೋಣ ಅಂತ ಸೋರ್ಬೆಗೆ ಕೈ ಹಾಕಿದೆ. ಕಲ್ಲಂಗಡಿ ಮಿಕ್ಸೀಲಿ ತಿರುಗಿಸಿ, ಸೋಸಿ, ಹಣ್ಣೇ ಸಿಹಿ ಇದ್ಯಲ್ಲ ಅಂತ ಎರಡೇ ಎರಡು ಚಮಚ ಸಕ್ಕರೆ ಹಾಕಿ ದೊಡ್ಡ ಡಬ್ಬಿ ತುಂಬ ಫ್ರೀಜರ್‌ಗೆ ಇಟ್ಟೆ. ಬೆಳಗ್ಗೆ ನೋಡಿದ್ರೆ ಇಟ್ಟಿಗೆ! ಸ್ಟೀಲ್ ಚಮಚ ಬಗ್ಗೋಯ್ತು, ಚಾಕೂಲಿ ಕೆತ್ತಿದ್ರೆ ಪುಡಿ ಪುಡಿ ಐಸ್, ಬಾಯಿಗೆ ಹಾಕ್ಕೊಂಡ್ರೆ ಸಪ್ಪೆ ಸಪ್ಪೆ. ಐಸ್‌ಕ್ರೀಂ ಮಾಡೋ ಮಷೀನ್ ಇಲ್ಲ, ತಗೊಳ್ಳೋ ಯೋಚನೇನೂ ಇಲ್ಲ. ಮಾಡಿ ರೂಢಿ ಇರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್. ಸಕ್ಕರೆ ಸುರಿಯೋಕೂ ಮನಸ್ಸಿಲ್ಲ, ಮನೇಲಿ ಮಾವನವರಿಗೆ ಶುಗರ್ ಇದೆ, ಮಕ್ಕಳು ತಿನ್ನೋವಾಗ ಅವರೂ ಬಟ್ಟಲು ಹಿಡ್ಕೊಂಡು ಬಂದು ಕೂರ್ತಾರೆ.

*

ಮೊದಲು ಆ ಇಟ್ಟಿಗೇನ ಎಸೀಬೇಡಿ. ಸೋರ್ಬೆ ಕೇಕ್ ಥರ ಅಲ್ಲ, ಕೆಟ್ರೆ ಕರಗಿಸಿ ಸರಿ ಮಾಡಿ ಮತ್ತೆ ಇಟ್ರೆ ಆಯ್ತು, ನಾನು ಒಂದೇ ಮಾವಿನಹಣ್ಣಿನ ಸೋರ್ಬೇನ ಮೂರು ಸಲ ಕರಗಿಸಿದ್ದೀನಿ.

ತಪ್ಪಾಗಿರೋದು ನಿಮ್ಮ ಆ ಎರಡು ಚಮಚದಲ್ಲಿ. ಸಕ್ಕರೆ ಅಂದ್ರೆ ಸಿಹಿಗೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಇಲ್ಲಿ ಅದರ ಮುಖ್ಯ ಕೆಲಸ ಮೆತ್ತಗಿಡೋದು. ಬರೀ ನೀರು ಸೊನ್ನೆ ಡಿಗ್ರೀಲಿ ಪೂರ್ತಿ ಗಡ್ಡೆ ಕಟ್ಟುತ್ತೆ. ಸಕ್ಕರೆ ಕರಗಿರೋ ನೀರು ಹಾಗಲ್ಲ, ಮೊದಲು ಒಂದಷ್ಟು ನೀರು ಮಾತ್ರ ಐಸ್ ಆಗುತ್ತೆ, ಆ ಐಸು ಸಕ್ಕರೇನ ಒಳಗೆ ಸೇರಿಸ್ಕೊಳ್ಳಲ್ಲ, ಆಚೆ ತಳ್ಳುತ್ತೆ, ಹಂಗಾಗಿ ಉಳಿದಿರೋ ನೀರಲ್ಲಿ ಪಾಕ ಮಂದ ಆಗ್ತಾ ಆಗ್ತಾ ಹೋಗುತ್ತೆ, ಮಂದ ಆದಷ್ಟೂ ಅದನ್ನ ಗಡ್ಡೆ ಕಟ್ಟಿಸೋದು ಫ್ರೀಜರ್‌ಗೆ ಕಷ್ಟ. ಮೈನಸ್ 18 ಡಿಗ್ರೀಲೂ ಐಸ್ ಕಣಗಳ ಮಧ್ಯೆ ಸ್ವಲ್ಪ ಪಾಕ ಪಾಕವಾಗೇ ಉಳ್ಕೊಂಡಿರುತ್ತೆ, ಚಮಚ ಇಳಿಯೋದು ಆ ಜಾಗದಲ್ಲಿ. ನಿಮ್ಮ ಡಬ್ಬೀಲಿ ಉಳಿಯೋಕೆ ಪಾಕವೇ ಇರ್ಲಿಲ್ಲ.

ಲೆಕ್ಕ ಹೇಳ್ತೀನಿ. ಒಟ್ಟು ತೂಕದಲ್ಲಿ ಸಕ್ಕರೆ ನೂರಕ್ಕೆ 25ರಿಂದ 30 ಇದ್ರೆ ಸೋರ್ಬೆ ಚೆನ್ನಾಗಿ ಬರುತ್ತೆ, ಹಣ್ಣಿನ ಸಕ್ಕರೇನೂ ಸೇರಿಸಿ. 100 ಗ್ರಾಂ ಕಲ್ಲಂಗಡೀಲಿ ಅದರದ್ದೇ ಸಕ್ಕರೆ 6 ಗ್ರಾಂ ಹತ್ತಿರ ಇರುತ್ತೆ, ಮಾವಿನಲ್ಲಿ 14ರ ಹತ್ತಿರ. ಅದಕ್ಕೇ ಒಂದು ಕೆಜಿ ಮಾವಿನ ತಿರುಳಿಗೆ 150 ಗ್ರಾಂ ಸಕ್ಕರೆ ಸಾಕಾದ್ರೆ ಒಂದು ಕೆಜಿ ಕಲ್ಲಂಗಡಿ ರಸಕ್ಕೆ 250 ಗ್ರಾಂ ಬೇಕೇ ಬೇಕು. ಕೇಳೋಕೆ ಗಾಬರಿ ಆಗುತ್ತೆ ಗೊತ್ತು. ಆದ್ರೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಅಷ್ಟು ಗೊತ್ತಾಗಲ್ಲ, ನಿಮಗೆ ಸಪ್ಪೆ ಅನ್ಸಿದ್ದು ಅದರಿಂದಾನೂ. ಫ್ರೀಜರ್‌ಗೆ ಇಡೋ ಮುಂಚೆ ಒಂದು ಗುಟುಕು ಕುಡಿದು ನೋಡಿ, ಅಯ್ಯೋ ಒಂಚೂರು ಸಿಹಿ ಜಾಸ್ತಿ ಆಯ್ತಲ್ಲ ಅನ್ಸಿದ್ರೆ ಸರಿಯಾಗಿದೆ ಅಂತ. ಕೊನೇಲಿ ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು. ಕಲ್ಲಂಗಡಿಗೆ ಇವೆರಡೂ ಇಲ್ಲಾಂದ್ರೆ ಬಣ್ಣದ ಐಸು ತಿಂದಂಗೆ ಇರುತ್ತೆ.

ದೊಡ್ಡ ಡಬ್ಬಿ ಕೂಡ ಬೇಡ. ಅಗಲವಾದ ಸ್ಟೀಲ್ ತಟ್ಟೇಲಿ ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಇಲ್ದಂಗೆ ಹರಡಿ. ಬೇಗ ತಣ್ಣಗಾದಷ್ಟೂ ಐಸ್ ಕಣ ಸಣ್ಣ, ನಿಧಾನ ಆದಷ್ಟೂ ದೊಡ್ಡದಾಗಿ ಬೆಳೆದು ಹಲ್ಲಿಗೆ ಕರಕರ ಅನ್ನುತ್ತೆ.

*

ಮೇಲೆ ಹೇಳಿದ್ದೆಲ್ಲ ಸರಿ, ತೂಕದ ಮಷೀನ್ ಇಲ್ದೋರಿಗೆ ನಾನು ಮಾಡೋದು ಮೊಟ್ಟೆ ಪರೀಕ್ಷೆ. ಮೊಟ್ಟೆ ತಿನ್ನಲ್ಲ ಅನ್ನೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.

ಸಿಪ್ಪೆ ಸಮೇತ ಹಸಿ ಮೊಟ್ಟೇನ ಚೆನ್ನಾಗಿ ತೊಳೆದು ರಸದೊಳಗೆ ಮೆಲ್ಲಗೆ ಬಿಡಿ. ಸಕ್ಕರೆ ಕಮ್ಮಿ ಇದ್ರೆ ಸೀದಾ ತಳಕ್ಕೆ ಹೋಗಿ ಕೂರುತ್ತೆ. ಒಂದೊಂದೇ ಸೌಟು ಪಾಕ ಹಾಕಿ ಕದಡ್ತಾ ಬನ್ನಿ, ಒಂದು ಹಂತದಲ್ಲಿ ತಳ ಬಿಟ್ಟು ಎದ್ದು ನಿಂತ್ಕೊಳ್ಳುತ್ತೆ, ಆಮೇಲೆ ನಿಧಾನಕ್ಕೆ ಮೇಲೆ ಬಂದು ತಲೆ ಹೊರಗೆ ಹಾಕುತ್ತೆ. ನೀರಿನ ಮೇಲೆ ಕಾಣೋ ಸಿಪ್ಪೆ ಒಂದು ನಾಣ್ಯದಷ್ಟು ಅಗಲ ಇದ್ರೆ ಅಲ್ಲಿಗೆ ನಿಲ್ಲಿಸ್ಬಿಡಿ. ಇನ್ನೂ ಮೇಲೆ ಬಂದು ಅಡ್ಡಡ್ಡ ಮಲಗಿದ್ರೆ ಸಕ್ಕರೆ ಜಾಸ್ತಿ ಆಯ್ತು, ಎಷ್ಟು ಹೊತ್ತಿಟ್ರೂ ಗಂಜಿ ಥರಾನೇ ಇರುತ್ತೆ, ಸ್ವಲ್ಪ ನೀರೋ ರಸಾನೋ ಸೇರಿಸಿ. ಮೊಟ್ಟೆ ತಾಜಾ ಇರ್ಬೇಕು ಆಯ್ತಾ, ಹಳೇ ಮೊಟ್ಟೆ ಬರೀ ನೀರಲ್ಲೇ ತೇಲುತ್ತೆ, ಅದನ್ನ ನಂಬ್ಕೊಂಡು ನಾನು ಒಂದು ಸಲ ಮೋಸ ಹೋಗಿದ್ದೀನಿ. ಇನ್ನೊಂದು, ಇದು ಕಲ್ಲಂಗಡಿ ಕಿತ್ತಳೆ ನಿಂಬೆ ಥರ ತೆಳ್ಳಗಿರೋ ರಸಕ್ಕೆ ಮಾತ್ರ, ಮಾವಿನ ತಿರುಳಲ್ಲಿ ಮೊಟ್ಟೆ ಇಟ್ಟ ಜಾಗದಲ್ಲೇ ಸಿಕ್ಕಾಕ್ಕೊಂಡು ನಿಂತಿರುತ್ತೆ, ಏನೂ ಗೊತ್ತಾಗಲ್ಲ.

*

ಎಲ್ಲರೂ ಪಾಕ ಪಾಕ ಅಂತೀರಾ, ಕಲ್ಲಂಗಡಿಗೆ ಬಿಸಿ ಪಾಕ ಸುರೀಬೇಡಿ ಮಾರಾಯ್ರೇ. ಬಿಸಿ ತಾಗಿದ ಕಲ್ಲಂಗಡಿ ಬೇಯಿಸಿದ ತರಕಾರಿ ಥರ ವಾಸನೆ ಬರುತ್ತೆ. ಒಂದೋ ಸಮಸಮ ನೀರು ಸಕ್ಕರೆ ಹಾಕಿ ಕರಗೋವರೆಗೆ ಮಾತ್ರ ಬಿಸಿ ಮಾಡಿ ಪೂರ್ತಿ ಆರಿಸಿ ಹಾಕಿ, ಅದರ ನೀರು ಸೇರಿದಷ್ಟೂ ಹಣ್ಣಿನ ರುಚಿ ತೆಳ್ಳಗಾಗುತ್ತೆ ಅನ್ನೋದು ನೆನಪಿರಲಿ. ಇಲ್ಲಾಂದ್ರೆ ನಾನು ಮಾಡೋ ಹಾಗೆ ಸಕ್ಕರೆ ಪುಡಿ ಮಾಡಿ ರಸದಲ್ಲೇ ಕದಡಿ ಅರ್ಧ ಗಂಟೆ ಬಿಟ್ಬಿಡಿ, ತಾನೇ ಕರಗುತ್ತೆ.

ಪಾಕ ನಿಜವಾಗ್ಲೂ ಬೇಕಾಗೋದು ನಿಂಬೆಗೆ. ಒಂದು ಕಪ್ ನಿಂಬೆ ರಸ, ಎರಡು ಕಪ್ ನೀರು, ಒಂದೂಕಾಲು ಕಪ್ ಸಕ್ಕರೆ, ನನ್ನ ಅಳತೆ ಇಷ್ಟೇ. ನಿಂಬೆ ಸಿಪ್ಪೆಯ ಹಳದಿ ಭಾಗ ಮಾತ್ರ ತುರಿದು ಸಕ್ಕರೆ ಜೊತೆ ಬೆರಳಲ್ಲಿ ತಿಕ್ಕಿ, ಸಕ್ಕರೆ ಒದ್ದೆ ಒದ್ದೆ ಆಗಿ ಅಡುಗೆಮನೆ ಎಲ್ಲ ಘಮ್ ಅನ್ನುತ್ತೆ, ಆಮೇಲೆ ಅದರಲ್ಲೇ ಪಾಕ ಮಾಡಿ. ಕೆಳಗಿನ ಬಿಳಿ ಭಾಗಕ್ಕೆ ಹೋಗ್ಬೇಡಿ, ಕಹಿ.

ಅಂದಹಾಗೆ ಸೋರ್ಬೆ ಅನ್ನೋ ಪದಾನೂ ನಮ್ಮ ಶರಬತ್ತೂ ಒಂದೇ ಬೇರು. ಅರಬ್ಬಿಯ ಕುಡಿಯೋದು ಅನ್ನೋ ಪದ ಟರ್ಕಿ ಭಾಷೆಗೆ ಹೋಗಿ, ಅಲ್ಲಿಂದ ಇಟಲಿ, ಅಲ್ಲಿಂದ ಫ್ರೆಂಚ್‌ಗೆ ಹೋಗಿ ಸೋರ್ಬೆ ಆಗಿದ್ದು. ನಾವು ಕುಡೀತಿದ್ದಿದ್ದನ್ನ ಅವರು ಗಡ್ಡೆ ಕಟ್ಟಿಸಿದ್ರು ಅಷ್ಟೇ.

*

ನನ್ನ ಅನುಭವ ಸ್ವಲ್ಪ ದುಬಾರಿದು, ಒಂದು ಮಿಕ್ಸಿ ಮೋಟಾರ್ ಹೋಗಿದೆ.

ಮಷೀನ್ ಇಲ್ದೆ ನುಣ್ಣಗೆ ಬರೋಕೆ ಒಳ್ಳೇ ದಾರಿ ಅಂದ್ರೆ ರಸಾನ ಐಸ್ ಟ್ರೇನಲ್ಲಿ ಹಾಕಿ ಗಟ್ಟಿ ಮಾಡಿ, ಆ ತುಂಡುಗಳನ್ನ ಮಿಕ್ಸೀಲಿ ತಿರುಗಿಸೋದು, ಐಸ್ ಕಣಗಳೆಲ್ಲ ಒಡೆದು ಕ್ರೀಂ ಥರ ಆಗುತ್ತೆ. ನಾನು ಏನ್ ಮಾಡಿದೆ, ಫ್ರೀಜರ್‌ನಿಂದ ತೆಗೆದ ತಕ್ಷಣ ಜಾರ್ ತುಂಬ ಹಾಕಿ ಸ್ಪೀಡ್ ಫುಲ್ ಇಟ್ಟೆ. ಬ್ಲೇಡ್ ಸಿಕ್ಕಾಕ್ಕೊಂಡು ಗುಂಯ್ ಅಂತು, ಸುಟ್ಟ ವಾಸನೆ ಬಂತು, ಕಥೆ ಮುಗೀತು. ಈಗ ತುಂಡುಗಳನ್ನ ಐದಾರು ನಿಮಿಷ ಹೊರಗಿಟ್ಟು, ಅಂಚು ಸ್ವಲ್ಪ ಬೆವರಿದ ಮೇಲೆ, ಒಂದೊಂದು ಹಿಡಿ ಮಾತ್ರ ಹಾಕಿ, ಬಿಟ್ಟು ಬಿಟ್ಟು ತಿರುಗಿಸ್ತೀನಿ. ಮೊದಲು ಹಿಮದ ಪುಡಿ ಥರ ಕಾಣುತ್ತೆ, ಇದೇನಪ್ಪಾ ಅಂತ ನಿಲ್ಲಿಸ್ಬೇಡಿ, ಜಾರ್ ಬದಿ ಕೆರೆದು ಕೆಳಗೆ ತಳ್ಳಿ ಇನ್ನೆರಡು ಸಲ ತಿರುಗಿಸಿದ್ರೆ ಇದ್ದಕ್ಕಿದ್ದಂಗೆ ಒಟ್ಟುಗೂಡಿ ಹೊಳಪು ಬರುತ್ತೆ. ಆಗ ನಿಲ್ಲಿಸಿ ತಕ್ಷಣ ತಣ್ಣಗಿರೋ ಡಬ್ಬಿಗೆ ಹಾಕಿ ಎರಡು ಗಂಟೆ ಮತ್ತೆ ಫ್ರೀಜರ್‌ಗೆ. ಜಾರ್ ಕೂಡ ಮುಂಚೇನೇ ಫ್ರಿಜ್‌ನಲ್ಲಿಟ್ಟಿದ್ರೆ ಇನ್ನೂ ಒಳ್ಳೇದು.

ಗಾಜಿನ ಬಾಟ್ಲಿ ತುಂಬ ರಸ ಹಾಕಿ ಇಡೋದೂ ಬೇಡ. ನೀರು ಐಸ್ ಆಗೋವಾಗ ಶೇಕಡಾ 9ರಷ್ಟು ಹಿಗ್ಗುತ್ತೆ, ನಮ್ಮನೆ ಫ್ರೀಜರ್‌ನಲ್ಲಿ ದ್ರಾಕ್ಷಿ ರಸದ ಬಾಟ್ಲಿ ಸೀಳಿ ಅಷ್ಟೂ ರಸ ಚೆಲ್ಲಬೇಕಾಯ್ತು, ಗಾಜಿನ ಚೂರು ಎಲ್ಲಿದ್ಯೋ ಅನ್ನೋ ಭಯ.

*

ಅಕ್ಕಾರ, ಫ್ರೀಜರ್ ಛಲೋ ಇಲ್ಲದವ್ರಿಗೆ ನಮ್ಮದೊಂದು ಐಡಿಯಾ ನೋಡ್ರಿ, ಹುಡುಗರಿಗೆ ಭಾಳ ಖುಷಿ ಆಗ್ತದ. ಜಿಪ್ ಇರೋ ಗಟ್ಟಿ ಕವರ್‌ನಾಗ ಒಂದು ಕಪ್ ರಸ ಹಾಕಿ ಗಾಳಿ ತಗದು ಮುಚ್ರಿ, ಅದನ್ನ ಇನ್ನೊಂದು ಕವರ್‌ನಾಗ ಇಡ್ರಿ. ದೊಡ್ಡದೊಂದು ಕವರ್‌ನಾಗ ಮೂರು ಪಾಲು ಐಸ್ ತುಂಡಿಗೆ ಒಂದು ಪಾಲು ಉಪ್ಪು ಹಾಕಿ, ನಡುವ ಈ ರಸದ ಕವರ್ ಇಟ್ಟು ಹುಡುಗರ ಕೈಯಾಗ ಕೊಟ್ಟು ಅಲ್ಲಾಡಿಸ್ರಿ ಅನ್ರಿ. ಉಪ್ಪು ಬಿದ್ದ ಕೂಡಲೇ ಐಸ್ ಕರಗಾಕ ಶುರು ಆಗ್ತದ, ಕರಗಾಕ ಬೇಕಾದ ಬಿಸಿ ಸುತ್ತಲಿಂದ ಜಗ್ಗಿಕೊಳ್ತದ, ಅದಕ್ಕ ಸೊನ್ನೆಗಿಂತ ಎಷ್ಟೋ ಕೆಳಗ ಇಳಿತದ, ಉಪ್ಪು ಐಸ್ ಸರಿ ಕೂಡಿದ್ರ ಮೈನಸ್ 21ರ ತನಕ ಹೋಗಬಹುದು. ಹದಿನೈದು ನಿಮಿಷದಾಗ ರಸ ಗಟ್ಟಿ ಆಗ್ತದ. ಕೈಗೆ ಟವೆಲ್ ಸುತ್ತಿ ಕೊಡ್ರಿ, ಇಲ್ಲಂದ್ರ ಚರ್ಮ ಮರಗಟ್ಟತದ. ಎರಡು ಕವರ್ ಯಾಕ ಅಂದ್ರ ಮೊದಲ ಸಲ ನಾ ಒಂದರಾಗ ಇಟ್ಟಿದ್ದೆ, ಉಪ್ಪುನೀರು ಒಳಗ ಹೋಗಿ ಯಾರೂ ಬಾಯಾಗ ಇಡಲಿಲ್ಲ.

*

ಮಾವನವರ ವಿಷಯಕ್ಕೆ ಯಾರೂ ಬರ್ಲಿಲ್ವಲ್ಲ. ನನ್ನ ಅಮ್ಮನಿಗೂ ಶುಗರ್, ಅದಕ್ಕೇ ಎಲ್ಲ ಪ್ರಯೋಗ ಮಾಡಿ ಆಗಿದೆ.

ಸಕ್ಕರೆ ಬದಲು ಸ್ಟೀವಿಯಾ ಅನ್ನೋ ಗಿಡದ ಸಿಹಿ ಪುಡಿ ಹಾಕಿದೆ, ಸಿಹಿ ಬಂತು, ಆದ್ರೆ ಸಾಲೋದೇ ಒಂದು ಚಿಟಿಕೆ, ಅಷ್ಟರಲ್ಲಿ ಐಸ್ ತಡೆಯೋಕೆ ಏನಿದೆ, ನಿಮ್ಮ ಇಟ್ಟಿಗೆಯ ತಮ್ಮ ಹುಟ್ಟಿದ. ಎರಿಥ್ರಿಟಾಲ್ ಅಂತ ಸಕ್ಕರೆ ಬದಲಿಗೆ ಹಾಕೋ ಇನ್ನೊಂದು ಸಿಹಿ ಪುಡಿ ಹಾಕಿದ್ದು ಮೊದಲ ದಿನ ಮೆತ್ತಗೇ ಇತ್ತು, ಎರಡು ಮೂರು ದಿನ ಆದ್ಮೇಲೆ ಒಳಗೆ ಮರಳು ಸಿಕ್ಕಂಗೆ ಕರಕರ, ಬಾಯಲ್ಲಿ ಪುದೀನ ತಿಂದಂಥ ತಂಪು, ಅಮ್ಮ ಬೇಡ ಅಂದ್ರು. ಬಾಳೆಹಣ್ಣು ತುಂಡು ಮಾಡಿ ಫ್ರೀಜ್ ಮಾಡಿ ತಿರುಗಿಸಿದ್ರೆ ಸಕ್ಕರೆ ಹಾಕ್ದೇನೇ ಬೆಣ್ಣೆ ಥರ ಬರುತ್ತೆ, ಮಕ್ಕಳಿಗೆ ಮಾಡಿ, ಆದ್ರೆ ಬಾಳೆಹಣ್ಣಲ್ಲಿರೋದೂ ಸಕ್ಕರೇನೇ, ಮಾವನವರಿಗೆ ಸಕ್ಕರೆ ಹಾಕಿಲ್ಲ ಅಂತ ಬಟ್ಟಲು ತುಂಬ ಕೊಡ್ಬೇಡಿ.

ಕೊನೆಗೆ ನನಗೆ ಹೊಳೆದಿದ್ದು, ಸಕ್ಕರೆ ಕಮ್ಮಿ ಮಾಡಿದ್ರೆ ಐಸ್ ಐಸ್ ಆಗುತ್ತೆ ತಾನೇ, ಐಸ್ ಐಸ್ ಆಗೇ ಇರ್ಬೇಕಾದ್ದನ್ನೇ ಮಾಡ್ಬಿಡೋಣ ಅಂತ. ಇಟಲಿಯವರ ಗ್ರಾನಿಟಾ ಅಂದ್ರೆ ಅದೇ. ತಟ್ಟೇಲಿ ತೆಳ್ಳಗೆ ಹರಡಿ ಫ್ರೀಜರ್‌ಗೆ ಇಡಿ, ಮುಕ್ಕಾಲು ಗಂಟೆಗೆ ಅಂಚಲ್ಲಿ ಐಸ್ ಕಟ್ಟಿರುತ್ತೆ, ಫೋರ್ಕ್‌ನಲ್ಲಿ ಕೆರೆದು ಮಧ್ಯಕ್ಕೆ ಎಳೀರಿ, ಮತ್ತೆ ಅರ್ಧ ಗಂಟೆಗೆ ಕೆರೀರಿ, ಹಿಂಗೆ ನಾಲ್ಕೈದು ಸಲ. ಎಲ್ಲ ಹರಳು ಹರಳಾಗಿ ಉದುರುತ್ತೆ, ಹಾಕ್ಕೊಂಡಾಗ ಬಟ್ಟಲು ತುಂಬ ಕಾಣುತ್ತೆ, ತಿನ್ನೋದು ಮಾತ್ರ ಸ್ವಲ್ಪಾನೇ. ಎಷ್ಟು ತಿನ್ಬಹುದು ಅಂತ ಅವರ ಡಾಕ್ಟರ್‌ನ ಒಂದು ಮಾತು ಕೇಳ್ಬಿಡಿ.

*

ಎರಡೇ ಮಾತು. ದೊಡ್ಡೋರಿಗೆ ಮಾತ್ರ ಮಾಡೋದಾದ್ರೆ ಲೀಟರಿಗೆ ಒಂದು ದೊಡ್ಡ ಚಮಚ ವೋಡ್ಕಾ ಹಾಕಿದ್ರೆ ಮೆತ್ತಗಿರುತ್ತೆ, ಜಾಸ್ತಿ ಹಾಕಿದ್ರೆ ಗಟ್ಟೀನೇ ಆಗಲ್ಲ. ಡಬ್ಬಿ ಮುಚ್ಚೋ ಮುಂಚೆ ಸೋರ್ಬೆ ಮೈಗೆ ಅಂಟೋ ಹಂಗೆ ಪ್ಲಾಸ್ಟಿಕ್ ಶೀಟ್ ಒತ್ತಿ, ಇಲ್ಲಾಂದ್ರೆ ಮೇಲೆ ಹಿಮ ಕೂರುತ್ತೆ, ಪಕ್ಕದ ಈರುಳ್ಳಿ ವಾಸನೇನೂ ಹೀರ್ಕೊಳ್ಳುತ್ತೆ. ಎರಡು ಮೂರು ವಾರದೊಳಗೆ ಮುಗಿಸಿ.

*

ಎಲ್ಲರಿಗೂ ಥ್ಯಾಂಕ್ಸ್, ನಿನ್ನೆ ಕೂತು ಮಾಡಿದೆ. ಇಟ್ಟಿಗೆ ಪೂರ್ತಿ ಕರಗಿಸಿ ಎರಡು ಪಾಲು ಮಾಡಿದೆ. ಮಕ್ಕಳ ಪಾಲಿಗೆ ಲೆಕ್ಕದ ಪ್ರಕಾರ ಸಕ್ಕರೆ ಪುಡಿ, ನಿಂಬೆ, ಉಪ್ಪು ಹಾಕಿ ಐಸ್ ಟ್ರೇಗೆ ಸುರಿದೆ, ಇಡೋ ಮುಂಚೆ ಕುಡಿದು ನೋಡಿದಾಗ ಸಿಹಿ ಜಾಸ್ತಿ ಅನ್ಸಿ ಕೈ ನಡುಗ್ತು, ಆದ್ರೂ ಧೈರ್ಯ ಮಾಡಿದೆ. ಇವತ್ತು ಮಧ್ಯಾಹ್ನ ಹಿಡಿ ಹಿಡಿ ಹಾಕಿ ತಿರುಗಿಸಿದೆ, ಆ ಹಿಮದ ಪುಡಿ ಹಂತ ಬಂದಾಗ ಮತ್ತೆ ಕೆಡ್ತು ಅಂತಾನೇ ಅಂದ್ಕೊಂಡೆ, ಇನ್ನೊಂದು ಸುತ್ತಿಗೆ ಒಟ್ಟಾಗಿ ತಿಳಿ ಕೆಂಪು ಬಣ್ಣದಲ್ಲಿ ಹೊಳೀತು ನೋಡಿ! ಎರಡು ಗಂಟೆ ಬಿಟ್ಟು ಚಮಚ ಹಾಕಿದ್ರೆ ಸಲೀಸಾಗಿ ಇಳೀತು. ಮಾವಿನಷ್ಟು ನುಣುಪು ಬರ್ಲಿಲ್ಲ, ಕಲ್ಲಂಗಡಿ ನೀರು ಹಣ್ಣಲ್ವಾ, ಆದ್ರೂ ಸಾಕು.

ಮಾವನವರ ಪಾಲಿಗೆ ನಿಂಬೆ ಉಪ್ಪು ಮಾತ್ರ ಹಾಕಿ ತಟ್ಟೇಲಿಟ್ಟು ಕೆರೆದೆ. ಅವರು ಮಕ್ಕಳ ಬಟ್ಟಲು ನೋಡಿದ್ರು, ತಮ್ಮದು ನೋಡ್ಕೊಂಡ್ರು, ನಂದೇ ಜಾಸ್ತಿ ಇದೆ ಅಂತ ಮೊಮ್ಮಕ್ಕಳಿಗೆ ಹೊಟ್ಟೆ ಉರಿಸ್ಕೊಂಡು ತಿಂದ್ರು.

ನಾಳೆ ಕಪ್ಪು ದ್ರಾಕ್ಷಿ ಮಾಡೋಣ ಅಂತ, ಬೀಜ ಇರೋದೇ ಸಿಕ್ಕಿದೆ, ಹಂಗೇ ಮಿಕ್ಸಿಗೆ ಹಾಕ್ಲಾ?

*

ಬೇಡ ಬೇಡ, ಬೀಜ ಒಡೆದ್ರೆ ಒಗರೊಗರು ಕಹಿ ಬರುತ್ತೆ. ಒಂದು ಹನಿ ನೀರಲ್ಲಿ ಸಣ್ಣ ಉರೀಲಿ ಸಿಪ್ಪೆ ಬಿರಿಯೋವರೆಗೆ ಬಾಡಿಸಿ, ಕೈಯಲ್ಲಿ ಹಿಸುಕಿ ಜರಡೀಲಿ ಸೋಸಿ, ಬಣ್ಣಾನೂ ಚೆನ್ನಾಗಿ ಬಿಡುತ್ತೆ. ಹಳೇ ಬಟ್ಟೆ ಹಾಕ್ಕೊಂಡು ಮಾಡಿ, ಆ ಕಲೆ ಹೋಗಲ್ಲ.