ತೀರ್ಥಹಳ್ಳಿ ಕಡೆಯ ಏರಿಗೆ ಸೈಕಲ್ ಮೋಟಾರ್: ಮುಂದಿನ ಚಕ್ರಕ್ಕಾ, ಹಿಂದಿನದಕ್ಕಾ?

ಮಂಡಗದ್ದೆಹಕ್ಕಿ
ಮನೇಲಿ ಎರಡು ಸೈಕಲ್ ಇವೆ, ಒಂದಕ್ಕೆ ಬ್ಯಾಟರಿ ಮೋಟಾರ್ ಕಿಟ್ ಹಾಕಬೇಕು. ಒಂದು ರಾಡ್ ಬ್ರೇಕಿನ ಹಳೇ 28 ಇಂಚು, ಇನ್ನೊಂದು ವಿ-ಬ್ರೇಕ್ ಇರೋ, ಗೇರಿಲ್ಲದ 26 ಇಂಚು. ಎರಡೂ ಕಬ್ಬಿಣದ ಫ್ರೇಮ್. ದಿನಕ್ಕೆ ಹೋಗಿ ಬರಲು 18 ಕಿ.ಮೀ., ನಡುವೆ ಎರಡು ಕಡೆ ಜೋರು ಏರು. ಸವಾರನ ತೂಕ 68 ಕೆ.ಜಿ., ಕ್ಯಾರಿಯರ್ ಮೇಲೆ 10 ಕೆ.ಜಿ. ಸಾಮಾನು. ಮಳೆಗಾಲದಲ್ಲೂ ಓಡಲೇಬೇಕು. ಮುಂದಿನ ಚಕ್ರದ ಕಿಟ್ ಸುಲಭ ಅಂತಾರೆ, ಹೌದಾ? 250 ವ್ಯಾಟ್ ಸಾಕಾ, 350 ಬೇಕಾ? ಬ್ಯಾಟರಿ ಎಷ್ಟು ದೊಡ್ಡದು? ಲೆಡ್ ಆಸಿಡ್ ಅಗ್ಗಕ್ಕೆ ಸಿಗ್ತಿದೆ.

ಏರುದಾರಿ
26 ಇಂಚಿನದಕ್ಕೇ ಹಾಕಿ. ಹಳೇ 28ರ ರಿಮ್ಮಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ. ಮೋಟಾರ್ ಹಬ್‌ಗಳು ಸಾಮಾನ್ಯವಾಗಿ 36 ತೂತಿನವು, ಆ ರಿಮ್ಮಿಗೆ ಕೂರೋದಿಲ್ಲ. ಅದಕ್ಕಿಂತ ಮುಖ್ಯ ಬ್ರೇಕು: ನೆನೆದ ಸ್ಟೀಲ್ ರಿಮ್ಮನ್ನು ರಾಡ್ ಬ್ರೇಕ್ ಹಿಡಿಯೋದೇ ಇಲ್ಲ. ನೂರು ಕೆ.ಜಿ. ಭಾರ ಇಳಿಜಾರಲ್ಲಿ ಬರುವಾಗ ಅದನ್ನು ನಂಬಬೇಡಿ.

ಮೋಟಾರ್ ಹಿಂದಕ್ಕೇ ಇರಲಿ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬರುತ್ತೆ, ಒದ್ದೆ ಎಲೆ, ಜಂಬಿಟ್ಟಿಗೆ ಜಲ್ಲಿ ಮೇಲೆ ಮುಂದಿನ ಚಕ್ರ ನಿಂತಲ್ಲೇ ತಿರುಗುತ್ತೆ. ಕೊಳ್ಳುವ ಮೊದಲು ಫ್ರೇಮಿನಲ್ಲಿ ಆಕ್ಸಲ್ ಕೂರುವ ಹಿಂದಿನ ಎರಡು ಸೀಳುಗಳ, ಅಂದರೆ ಡ್ರಾಪ್‌ಔಟ್‌ಗಳ ನಡುವಿನ ಅಗಲ ಒಳಗಿನಿಂದ ಅಳೆಯಿರಿ. ಗೇರ್ ಸೈಕಲ್ಲಿನ ಮೋಟಾರ್ 135 ಮಿ.ಮೀ. ಕೇಳುತ್ತೆ, ಗೇರಿಲ್ಲದ ಫ್ರೇಮ್ ಅದಕ್ಕಿಂತ ಕಿರಿದು. ಕಬ್ಬಿಣವನ್ನು ಐದಾರು ಮಿ.ಮೀ. ಅಗಲಿಸಬಹುದು, ಅಲ್ಯೂಮಿನಿಯಂ ಆಗಿದ್ದರೆ ಕೈ ಹಾಕಲೇಬಾರದು. ವ್ಯತ್ಯಾಸ ಹೆಚ್ಚಿದ್ದರೆ ಸಿಂಗಲ್ ಸ್ಪೀಡಿಗೆಂದೇ ಬರುವ ಕಿರಿದಾದ ಹಬ್ ಕೇಳಿ.

ಒಳಗೆ ಗೇರ್ ಇರುವ ಹಬ್ಬೇ ತಗೊಳ್ಳಿ. ಗೇರಿಲ್ಲದ ದೊಡ್ಡ ಹಬ್ ನಿಧಾನದ ಏರಿನಲ್ಲಿ ಎಳೆಯುವುದಕ್ಕಿಂತ ಬಿಸಿಯಾಗುವುದೇ ಹೆಚ್ಚು, ತೂಕವೂ ಜಾಸ್ತಿ. 36 ವೋಲ್ಟಿಗೆ ಎಷ್ಟು ಆರ್‌ಪಿಎಂ ಅಂತ ವಿಚಾರಿಸಿ. 26 ಇಂಚಿನ ಚಕ್ರ ನಿಮಿಷಕ್ಕೆ 200 ಸುತ್ತು ತಿರುಗಿದರೆ ಗಂಟೆಗೆ 25 ಕಿ.ಮೀ. ಆಯ್ತು. 328 ಆರ್‌ಪಿಎಂ ಇರುವುದು ಬಯಲಿಗೆ ಸರಿ. ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯೇ ಕಂಟ್ರೋಲರ್; ಅದೇ 15 ಆಂಪಿಯರ್ ಕಂಟ್ರೋಲರ್‌ನಲ್ಲಿ ನಿಧಾನದ ಮೋಟಾರಿಗೇ ಎಳೆತ ಹೆಚ್ಚು. 350 ವ್ಯಾಟ್ ಬೇಡ. 250 ವ್ಯಾಟ್, 25 ಕಿ.ಮೀ. ವೇಗದ ಮಿತಿ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನ, ನೋಂದಣಿ ಕೇಳುತ್ತಾರೆ.

ಲೆಕ್ಕ ನೋಡಿ. ಸೈಕಲ್, ಕಿಟ್, ಸಾಮಾನು ಸೇರಿ ನಿಮ್ಮದು ಸುಮಾರು 104 ಕೆ.ಜಿ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ 12 ಕಿ.ಮೀ. ವೇಗಕ್ಕೆ 240 ವ್ಯಾಟ್ ಬೇಕು. ಕಾಲಿನಿಂದ 80 ಬಂದರೆ ಮೋಟಾರ್ ಕೊಡಬೇಕಾದ್ದು 160, ಬ್ಯಾಟರಿಯಿಂದ ಹೋಗೋದು 230 ಚಿಲ್ಲರೆ. ಥ್ರಾಟಲ್ (ಹ್ಯಾಂಡಲಿನ ಆಕ್ಸಲರೇಟರ್) ತಿರುವಿ ಸುಮ್ಮನೆ ಕೂತರೆ ಅದೇ ಮೋಟಾರ್ ಏದುಸಿರು ಬಿಡುತ್ತೆ. ಏರಿನಲ್ಲಿ ಪೆಡಲ್ ತುಳಿಯಲೇಬೇಕು.

ಸಾಗರದ ವೈರಿಂಗ್
ಬ್ಯಾಟರಿ ಬಗ್ಗೆ: ತುಳಿಯುತ್ತಾ ಹೋದರೂ ನಮ್ಮ ಕಡೆ ದಾರಿಯಲ್ಲಿ ಕಿ.ಮೀ.ಗೆ 15ರಿಂದ 18 ವ್ಯಾಟ್-ಅವರ್ ಹಿಡಿಯಿರಿ. 18 ಕಿ.ಮೀ.ಗೆ 300ರ ಹತ್ತಿರ. 36 ವೋಲ್ಟ್ 10 ಆಂಪಿಯರ್-ಅವರ್ ಅಂದರೆ 360, ಹೊಸದರಲ್ಲಿ ಸಾಕು, ಎರಡು ವರ್ಷಕ್ಕೆ ಸಾಲದು. 13 ತಗೊಳ್ಳಿ. ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕನಿಷ್ಠ 20 ಆಂಪಿಯರ್ ನಿರಂತರ ಕೊಡುವಂತಿರಲಿ, 15ರದ್ದಾದರೆ ಏರಿನ ಮಧ್ಯೆ ಆಫ್ ಆಗುತ್ತೆ. ಲೆಡ್ ಆಸಿಡ್ 12 ವೋಲ್ಟಿನ ಮೂರು ಸೇರಿದರೆ ಹತ್ತು ಹನ್ನೆರಡು ಕೆ.ಜಿ. ಆ ಭಾರವನ್ನೇ ಹೊತ್ತು ಏರಬೇಕು, ಜೋರಾಗಿ ಕರೆಂಟ್ ಎಳೆದಾಗ ಬರೆದಷ್ಟು ಕೊಡುವುದೂ ಇಲ್ಲ. ಬೇಡ.

ಬ್ಯಾಟರಿ ಬುಡದಲ್ಲೇ 20 ಆಂಪಿಯರ್ ಫ್ಯೂಸ್ ಹಾಕಿ. ಬ್ರೇಕ್ ಹಿಡಿದರೆ ಮೋಟಾರ್ ನಿಲ್ಲಿಸುವ ಸ್ವಿಚ್ ಇರುವ ಲಿವರ್‌ಗಳನ್ನೇ ಹಾಕಿ. ಥ್ರಾಟಲಿನ ಕಪ್ಪು ವೈರ್ ಎಲ್ಲಾದರೂ ತುಂಡಾದರೆ ಸಿಗ್ನಲ್ ಪೂರ್ತಿ ಮೇಲೇರಿ ಮೋಟಾರ್ ತಾನಾಗಿ ಓಡಬಹುದು, ಆಗ ಉಳಿಸುವುದು ಆ ಸ್ವಿಚ್ಚೇ.

ಚಾರ್ಜಿಂಗ್ ಮಲಗುವ ಕೋಣೇಲಿ ಬೇಡ, ಬಚ್ಚಲ ಒಲೆ ಹತ್ತಿರವಂತೂ ಬೇಡವೇ ಬೇಡ. ಏರು ಹತ್ತಿ ಬಂದ ಬಿಸಿ ಆರಲಿ, ಆಮೇಲೆ ಪ್ಲಗ್ ಹಾಕಿ.

ಕಡ್ಡಿರಿಮ್
ಟಾರ್ಕ್ ಆರ್ಮ್, ಅಂದರೆ ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ, ಮರೀಬೇಡಿ. ಮೋಟಾರ್ ಚಕ್ರವನ್ನು ಮುಂದಕ್ಕೆ ತಳ್ಳುವಾಗ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತೆ. ನಟ್ ಸ್ವಲ್ಪ ಸಡಿಲವಾದರೂ ಡ್ರಾಪ್‌ಔಟಿನ ಬಾಯಿ ಅಗಲವಾಗಿ ಆಕ್ಸಲ್ ಗಿರ್ರನೆ ತಿರುಗುತ್ತೆ, ಆಕ್ಸಲ್ ಒಳಗಿಂದ ಬರುವ ವೈರ್ ತಿರುಚಿ ತುಂಡಾಗುತ್ತೆ. ಮೊದಲ 50 ಕಿ.ಮೀ. ಆದಮೇಲೆ ನಟ್ಟಿಗೆ ಪಾನ ಹಾಕಿ ಮತ್ತೊಮ್ಮೆ ಬಿಗಿ ಮಾಡಿ, ಕಡ್ಡಿಗಳನ್ನೂ ಹಿಡಿದು ನೋಡಿ.

ಮಳೆಗಾಲದ ಶತ್ರು ಆ ವೈರೇ. ಆಗುಂಬೆ ಸುತ್ತ ಸುರಿಯುವಂಥ ಮಳೆಯಲ್ಲಿ ನೀರು ವೈರ್ ಗುಂಟ ಇಳಿದು ಆಕ್ಸಲ್ ತೂತಿನಿಂದ ಹಬ್ ಒಳಗೆ ಹೋಗುತ್ತೆ. ವೈರನ್ನು ಆಕ್ಸಲ್‌ಗಿಂತ ಕೆಳಗೆ ಬಗ್ಗಿಸಿ ಒಂದು ಕುಣಿಕೆಯಂತೆ ಬಿಟ್ಟು ಆಮೇಲೆ ಮೇಲಕ್ಕೆ ಕಟ್ಟಿ, ಹನಿ ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕಲಿ. ಕಂಟ್ರೋಲರಿನ ವೈರ್‌ಗಳು ಕೆಳಮುಖವಾಗಿ ಹೊರಬರುವಂತೆ ಕೂರಿಸಿ. ಕನೆಕ್ಟರ್‌ಗಳಿಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಇನ್ಸುಲೇಷನ್ ಟೇಪ್ ಸುತ್ತಿ ಮುಚ್ಚಬೇಡಿ, ಒಳಗಿನ ನೀರು ಹೊರಗೆ ಬರದೆ ಹಸಿರು ಹಿಡಿಯುತ್ತೆ. ಏರಿಳಿದು ಬಿಸಿಯಾದ ಹಬ್ಬಿಗೆ ತಕ್ಷಣ ಪೈಪ್ ನೀರು ಬಿಟ್ಟು ತೊಳೆಯಲೂಬೇಡಿ, ತಣ್ಣಗಾಗುತ್ತಾ ಹಬ್ ನೀರನ್ನು ಒಳಗೆ ಎಳೆದುಕೊಳ್ಳುತ್ತೆ.

ಮಂಡಗದ್ದೆಹಕ್ಕಿ
ತುಂಬಾ ಉಪಕಾರ. ಹಿಂದಿನ ಚಕ್ರದ 250 ವ್ಯಾಟ್ ಕಿಟ್ ಕೂರಿಸಿದೆ. ಸ್ಟ್ಯಾಂಡ್ ಮೇಲೆ ಥ್ರಾಟಲ್ ಕೊಟ್ಟರೆ ಚಕ್ರ ಗಡಗಡ ನಡುಗುತ್ತೆ, ತಿರುಗಲ್ಲ. ಪೆಡಲ್ ಸೆನ್ಸರ್ (ತುಳಿದಾಗ ಮೋಟಾರ್ ಶುರುಮಾಡುವುದು) ಕೂಡ ಕೆಲಸ ಮಾಡ್ತಿಲ್ಲ.

ಸಾಗರದ ವೈರಿಂಗ್
ಕಂಟ್ರೋಲರಿಂದ ಎರಡು ತೆಳು ಬಿಳಿ ವೈರ್ ಬಿಡಿಬಿಡಿಯಾಗಿ ಬಂದಿವೆಯಾ ನೋಡಿ. ಹೆಚ್ಚಿನವುಗಳಲ್ಲಿ ಅದು ಕಲಿಕೆ ವೈರ್, ಮೋಟಾರಿನ ವೈರ್‌ಗಳ ಕ್ರಮವನ್ನು ಕಂಟ್ರೋಲರ್ ತಾನೇ ಕಲಿಯೋದಕ್ಕೆ. ಚಕ್ರ ಗಾಳಿಯಲ್ಲಿರುವಾಗ ಅವನ್ನು ಜೋಡಿಸಿದರೆ ತಾನಾಗೇ ತಿರುಗುತ್ತೆ. ಮೋಟಾರಿನ ಸದ್ದು ಬಂದೂ ಚಕ್ರ ತಿರುಗದಿದ್ದರೆ ಅದು ಉಲ್ಟಾ ಓಡ್ತಿದೆ, ಬಿಚ್ಚಿ ಇನ್ನೊಮ್ಮೆ ಜೋಡಿಸಿ, ಸರಿಯಾದ ಮೇಲೆ ಬಿಚ್ಚಿಡಿ.

ಆಗಲೂ ನಡುಗಿದರೆ ಹಾಲ್ ಸೆನ್ಸರ್ (ಮೋಟಾರ್ ಎಲ್ಲಿ ತಿರುಗಿ ನಿಂತಿದೆ ಅಂತ ಕಂಟ್ರೋಲರಿಗೆ ತಿಳಿಸುವುದು) ಪರೀಕ್ಷೆ. ಬ್ಯಾಟರಿ ಆನ್ ಮಾಡಿ, ಥ್ರಾಟಲ್ ಬಿಚ್ಚಿಡಿ, ಮಲ್ಟಿಮೀಟರಿನ ಕಪ್ಪನ್ನು ಹಾಲ್ ಕಪ್ಪು ವೈರಿಗೆ, ಕೆಂಪನ್ನು ಒಂದೊಂದಾಗಿ ಹಳದಿ, ಹಸಿರು, ನೀಲಿ ತೆಳು ವೈರಿಗೆ ಹಿಡಿದು ಚಕ್ರವನ್ನು ನಿಧಾನ ತಿರುಗಿಸಿ. ಹಿಂದಕ್ಕೇ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಜಾರುತ್ತೆ, ಮೋಟಾರ್ ಅಲುಗುವುದಿಲ್ಲ, ಸೆನ್ಸರ್ ಸತ್ತಿದೆ ಅಂತ ತಪ್ಪು ತಿಳ್ಕೋತೀರಿ. ಮೂರರಲ್ಲೂ ಸೊನ್ನೆ–ಐದು ವೋಲ್ಟ್ ಬದಲಾಗುತ್ತಾ ಇರಬೇಕು. ಒಂದು ಅಲುಗದಿದ್ದರೆ ಮೊದಲು ಕನೆಕ್ಟರಿನ ಪಿನ್ ಹಿಂದೆ ಸರಿದಿದೆಯಾ ನೋಡಿ, ಅಲ್ಲೇ ತಪ್ಪಿರುವುದು ಹೆಚ್ಚು.

ಕಡ್ಡಿರಿಮ್
ಪೆಡಲ್ ಸೆನ್ಸರ್: ಕಾಟರ್ ಪಿನ್ ಹೊಡೆದು ಕ್ರ್ಯಾಂಕ್ ತೆಗೆದಿರುತ್ತೀರಲ್ಲ, ಮ್ಯಾಗ್ನೆಟ್ ಬಿಲ್ಲೆ ಮಗುಚಿ ಕೂತಿರಬಹುದು. ಉಲ್ಟಾ ಆದರೆ ಮುಂದಕ್ಕೆ ತುಳಿದದ್ದನ್ನೂ ಹಿಂದಕ್ಕೆ ಅಂದ್ಕೊಳ್ಳುತ್ತೆ. ಬಿಲ್ಲೆಗೂ ಸೆನ್ಸರಿಗೂ ನಡುವೆ 2–3 ಮಿ.ಮೀ. ಸಂದು ಸಾಕು.