ಬೋರರ್ ಹಾರಿತು, ಪೇಪರ್ ಹಾರಲಿಲ್ಲ

ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಮದುವೆ ಮಾಡುವುದಿಲ್ಲ. ಮದುವೆ ಇಲ್ಲ ಅಂದರೆ ಸುಬ್ಬುವಿನ ಡಿಟಿಪಿ ಅಂಗಡಿಗೆ ಕಾರ್ಡಿನ ಕೆಲಸವೂ ಇಲ್ಲ. ಮೇಲಿಂದ ಮಡಿಕೇರಿಯ ಮಳೆ ಬೇರೆ. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ ಹರಟೆಗೆ ಕೂರುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಈ ಸಲ ಮಾತ್ರ ನಮ್ಮ ಹರಟೆಯ ನಡುವೆ ಒಂದು ಕೆಲಸವೂ ನಡೆಯುತ್ತಿತ್ತು: ಕಾಲೇಜಿನಲ್ಲಿ ಪಾಠ ಮಾಡುವ ಕಾವೇರಿ ಒಂದು ಸಮ್ಮೇಳನಕ್ಕೆ ಕಳಿಸಬೇಕಾದ ಸಂಶೋಧನಾ ಪೇಪರ್.

"ಅಬ್‌ಸ್ಟ್ರಾಕ್ಟ್, ಅಂದ್ರೆ ಸಾರಾಂಶ, ಒಪ್ಪಿಕೊಂಡಿದ್ದಾರೆ. ಇನ್ನು ಫುಲ್ ಪೇಪರ್ ಕಳಿಸಬೇಕು" ಅಂದಳು.

"ಹಾಗಾದ್ರೆ ಮೊದಲು ಕಳಿಸಿದ್ದು ಹಾಫ್ ಪೇಪರಾ?" ಗಣಪತಿ ಮಾವ ಕೇಳಿದರು.

ಮಾವನಿಗೆ ಇದರಲ್ಲಿ ಪಾಲುಂಟು. ಪೇಪರಿನ ವಿಷಯವೇ ಅವರ ಕಾಫಿ ತೋಟದ ಶತ್ರು, ಬಿಳಿ ಕಾಂಡಕೊರಕ. ತೋಟದವರ ಬಾಯಲ್ಲಿ ಬರೀ ಬೋರರ್. ಇದರ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ: ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಬಿಸಿಲು ಬಿದ್ದ ಅರೇಬಿಕಾ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಸೇರಿ ಕೊರೆಯುತ್ತಾ ಹೋಗುತ್ತದೆ. ಹೊರಗಿಂದ ಗೊತ್ತಾಗುವ ಹೊತ್ತಿಗೆ ಗಿಡ ಕಿತ್ತು ಸುಡುವುದೊಂದೇ ದಾರಿ. ಹಳೆಯ ಮಳೆ ಲೆಕ್ಕ, ಬಿಸಿಲಿನ ಲೆಕ್ಕ ಕಂಪ್ಯೂಟರಿಗೆ ಕೊಟ್ಟು ದುಂಬಿ ಯಾವಾಗ ಹಾರುತ್ತದೆ ಅಂತ ಮೊದಲೇ ಅಂದಾಜು ಮಾಡುವುದು ಕಾವೇರಿಯ ಸಂಶೋಧನೆ. ಅದು ಮುಗಿದಿತ್ತು. ಮುಗಿಯದೆ ಉಳಿದದ್ದು ಫಾರ್ಮ್ಯಾಟಿಂಗ್.

"ಎಂತ ದೊಡ್ಡ ವಿಷಯ ಮೇಡಂ" ಅಂದ ಸುಬ್ಬು. "ಒಳ್ಳೆ ಬಾರ್ಡರ್ ಹಾಕಿ, ಮೇಲೆ ಒಂದು ಗಣಪತಿ ಕೂರಿಸಿ..."

"ಬಾರ್ಡರ್ ಬೇಡ, ಗಣಪತಿಯೂ ಬೇಡ. ಟೆಂಪ್ಲೇಟ್ ಇದೆ."

"ನಾನು ಇಲ್ಲೇ ಇದ್ದೇನೆ ಮಾರಾಯ್ತಿ" ಅಂದರು ಮಾವ.

ಟೆಂಪ್ಲೇಟ್ ತೆರೆದರು. ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆಯ ಮಾದರಿ. ಎರಡು ಕಾಲಂ. ಶೀರ್ಷಿಕೆ 24 ಪಾಯಿಂಟ್, ಒಳಗಿನ ಬರಹ 10 ಪಾಯಿಂಟ್, ಅಕ್ಷರ ಟೈಮ್ಸ್ ನ್ಯೂ ರೋಮನ್. ಒಟ್ಟು ಆರು ಪುಟ, ಚಿತ್ರ, ಕೋಷ್ಟಕ, ಪರಾಮರ್ಶನ ಎಲ್ಲ ಸೇರಿ. ಕಾವೇರಿ ಬರೆದದ್ದನ್ನು ಅದರೊಳಗೆ ಸುರಿದರೆ ಒಂಬತ್ತು ಪುಟ ಬಂತು.

ಮೂಲೆಯಲ್ಲಿ ಕೂತಿದ್ದ ಮೇಷ್ಟ್ರು ಕನ್ನಡಕ ಏರಿಸಿದರು. ನಿವೃತ್ತ ಫಿಸಿಕ್ಸ್ ಮೇಷ್ಟ್ರು ಇವರು, ಕೇಳದಿದ್ದರೂ ಹೇಳುತ್ತಾರೆ. "ಈ ಟೈಮ್ಸ್ ಅಕ್ಷರ ಇದೆಯಲ್ಲ, ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗಾಗಿ ಮಾಡಿಸಿದ್ದು. 1932ರಲ್ಲಿ ಬಂತು. ಕಾಲಂ ಸಣ್ಣದು, ಕಾಗದ ಉಳಿಯಬೇಕು, ಅದಕ್ಕೆ ಒತ್ತಿ ಒತ್ತಿ ಕೂರುವ ಅಕ್ಷರ. ಆ ಪತ್ರಿಕೆಯೇ 1972ರಲ್ಲಿ ಇದನ್ನು ಬಿಟ್ಟಿತು. ಸಮ್ಮೇಳನದವರು ಇನ್ನೂ ಬಿಟ್ಟಿಲ್ಲ."

"ಅಕ್ಷರ 9.5 ಮಾಡಲಾ ಮೇಡಂ? ಯಾರಿಗೂ ಗೊತ್ತಾಗಲ್ಲ" ಅಂದ ಸುಬ್ಬು ಮೆಲ್ಲಗೆ. ಥೀಸಿಸ್ ಮಾಡಿಸಿಕೊಳ್ಳಲು ಬರುವವರಿಗೆಲ್ಲ ಅವನು ಕೊಡುವ ಗುಟ್ಟಿನ ಮದ್ದು ಇದು. ಅಲ್ಲಿ ಪುಟ ಜಾಸ್ತಿ ಬೇಕು, ಅಕ್ಷರ ಉಬ್ಬಿಸುತ್ತಾನೆ. ಇಲ್ಲಿ ಪುಟ ಕಮ್ಮಿ ಬೇಕು, ಕುಗ್ಗಿಸುತ್ತಾನೆ.

ಕಾವೇರಿ ಒಪ್ಪಲಿಲ್ಲ. ಅಂಚಿನಿಂದ ಹೊರಗೆ ಹೋದರೆ, ಫಾಂಟ್ ಪಿಡಿಎಫ್ ಒಳಗೆ ಸೇರದಿದ್ದರೆ ಯಂತ್ರವೇ ವಾಪಸ್ ಕಳಿಸುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಪೇಪರ್ ಓದಿ ತೂಗುವ ಮನುಷ್ಯ ರಿವ್ಯೂವರ್ ಬೈಯುವುದು ಆಮೇಲೆ. ಹಾಗಾಗಿ ಕತ್ತಿ ಹಿಡಿಯುವುದೇ ಸರಿ ಅಂತ ತೀರ್ಮಾನವಾಯಿತು. ಮೇಷ್ಟ್ರು ಪೀಠಿಕೆಯನ್ನು ಜೋರಾಗಿ ಓದಿದರು. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಯಿಂದ ಶುರು.

"ಇದು ಯಾಕಮ್ಮ ಇಲ್ಲಿ?"

"ಕಾಫಿ ಬಗ್ಗೆ ಎಲ್ಲರೂ ಹಾಗೇ ಶುರು ಮಾಡ್ತಾರೆ ಮೇಷ್ಟ್ರೇ."

"ತೆಗಿ, ತೆಗಿ" ಗಣಪತಿ ಮಾವ ಎದ್ದು ನಿಂತರು. "ಅದು ಚಿಕ್ಕಮಗಳೂರಿನವರ ಕಥೆ."

ಏಳು ಬೀಜ ಹೋದವು. ಅದರ ಜೊತೆ ಕೊಡಗಿನ ಸೌಂದರ್ಯ, ಕಾವೇರಿ ನದಿಯ ಉಗಮ, ಜಗತ್ತಿನ ಕಾಫಿ ಮಾರುಕಟ್ಟೆ ಎಲ್ಲ ಹೋದವು. ಒಂದೂವರೆ ಪುಟ ಇಳಿಯಿತು. ನಾನು ಪತ್ರಿಕೆಯಲ್ಲಿ ಪ್ರೂಫ್ ನೋಡಿ ಹಣ್ಣಾದವನು. ನನ್ನ ಅನುಭವದಲ್ಲಿ ಯಾವ ಬರಹದಲ್ಲೂ ಮೊದಲ ಪ್ಯಾರಾ ಬರೆದವನಿಗೆ ಮಾತ್ರ ಬೇಕಾಗಿರುತ್ತದೆ. ಪೇಪರಿನಲ್ಲಂತೂ ಪೀಠಿಕೆಗೆ ಮೂರೇ ಕೆಲಸ: ಸಮಸ್ಯೆ ಏನು, ಬೇರೆಯವರು ಎಲ್ಲಿಯವರೆಗೆ ಬಂದಿದ್ದಾರೆ, ನೀನು ಹೊಸದಾಗಿ ಮಾಡಿದ್ದೇನು. ಉಳಿದದ್ದು ಪ್ರವಾಸೋದ್ಯಮ.

ಆಮೇಲೆ ಬಂತು ಮಳೆಯ ಕೋಷ್ಟಕ. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಅದೇ.

ಡೇಟಾ ಅಂತ ಕಾವೇರಿ ಕರೆಯುವುದು ಗಣಪತಿ ಮಾವನ ಅಪ್ಪನ ಕಾಲದ ರಿಜಿಸ್ಟರ್. ದಪ್ಪ ರಟ್ಟು, ಅಂಚೆಲ್ಲ ಗೆದ್ದಲು ತಿಂದದ್ದು. ದಿನಾ ಬೆಳಿಗ್ಗೆ ಮಳೆ ಮಾಪಕ ನೋಡಿ ರೈಟರು, ಅಂದರೆ ತೋಟದ ಗುಮಾಸ್ತರು, ನೀಲಿ ಶಾಯಿಯಲ್ಲಿ ಬರೆದಿಟ್ಟ ಲೆಕ್ಕ. ನಮ್ಮ ತೋಟಗಳಲ್ಲಿ ಮಳೆ ಇವತ್ತಿಗೂ ಇಂಚು-ಸೆಂಟಿನಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು. ಸಮ್ಮೇಳನದವರಿಗೆ ಬೇಕಾದ್ದು ಮಿಲಿಮೀಟರು. ಎರಡು ಇಂಚು ಐವತ್ತು ಸೆಂಟು ಅಂದರೆ 63.5 ಮಿಲಿಮೀಟರು.

"ಎರಡೂವರೆ ಇಂಚು ಅಂದ್ರೆ ಮಳೆ ಕಣ್ಣಿಗೆ ಕಾಣ್ತದೆ" ಅಂದರು ಮಾವ. "63.5 ಅಂದ್ರೆ ಎಂತ ಕಾಣ್ತದೆ? ಪಾಸ್ ಮಾರ್ಕು."

ಅಂಕಿಯ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಎಕರೆಯನ್ನು ಹೆಕ್ಟೇರ್ ಮಾಡಬೇಕು. ಐವತ್ತು ಕೆಜಿ ಚೀಲವನ್ನು ಕಿಲೋಗ್ರಾಂ ಮಾಡಬೇಕು. ಕೆಲವು ದಿನ ರೈಟರು ಅಂಕಿಯನ್ನೇ ಬರೆದಿಲ್ಲ. ಒಂದು ಕಡೆ "ಹುತ್ತರಿ, ರಜೆ". ಇನ್ನೊಂದು ಕಡೆ "ಹೂಮಳೆ ಬಂತು, ದೊರೆ ಖುಷಿ". ಜುಲೈ ತಿಂಗಳ ಒಂದು ಸಾಲಿನಲ್ಲಿ ಬರೀ ಇಷ್ಟು: "ಭಾರೀ ಮಳೆ. ಮಾಪಕ ತುಂಬಿ ಹರಿಯಿತು."

ಕಾವೇರಿ ತಲೆ ಕೆರೆದುಕೊಂಡಳು. "ಮಾವ, ತುಂಬಿದ್ದು ಸರಿ. ಹರಿದದ್ದು ಎಷ್ಟು?"

"ಅದು ನಿನಗೇ ಗೊತ್ತಿರಬೇಕು. ಹರಿದು ಕಾವೇರಿಗೇ ತಾನೇ ಬಂದದ್ದು?"

ಕೊನೆಗೆ ಮೇಷ್ಟ್ರು ಹೇಳಿದ್ದೇ ಸರಿ ಅನ್ನಿಸಿತು. ಇಲ್ಲದ ಅಂಕಿ ಹುಟ್ಟಿಸಬೇಡ. ಅಳತೆ ಸಿಗದ ದಿನಗಳು ಇಷ್ಟು, ಅವುಗಳನ್ನು ಲೆಕ್ಕದಿಂದ ಹೀಗೆ ಹೊರಗಿಟ್ಟೆ ಅಂತ ವಿಧಾನದ ಭಾಗದಲ್ಲಿ ಒಂದು ಸಾಲು ಬರೆ. ಇನ್ನೊಬ್ಬರು ಅದೇ ರಿಜಿಸ್ಟರ್ ಹಿಡಿದು ಕೂತರೂ ಅದೇ ಉತ್ತರ ಬರುವಷ್ಟು ವಿವರ ಅಲ್ಲಿ ಇರಬೇಕು. ಪುಟ ಉಳಿಸಲು ಎಲ್ಲಿ ಬೇಕಾದರೂ ಕತ್ತರಿಸು, ಇಲ್ಲಿ ಬೇಡ.

"ಹಾಗಾದ್ರೆ ರೈಟರ ಹೆಸರೂ ಲೇಖಕರಲ್ಲಿ ಬರಬೇಕಲ್ವಾ? ಬರೆದವನು ಅವನೇ" ಅಂತ ನಾನು ಕೊಕ್ಕೆ ಹಾಕಿದೆ.

"ಬೆಕ್ಕಿನ ಹೆಸರೇ ಬಂದಿದೆ, ರೈಟರದ್ದೇನು" ಅಂದರು ಮೇಷ್ಟ್ರು. ನಾವು ನಕ್ಕೆವು. ಅವರು ನಗಲಿಲ್ಲ. "ನಿಜ ಮಾರಾಯ. 1975ರಲ್ಲಿ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಹೆದರಿಂಗ್ಟನ್ ಅಂತ ಭೌತವಿಜ್ಞಾನಿ. ಒಬ್ಬನೇ ಪೇಪರ್ ಬರೆದ, ಆದರೆ ಉದ್ದಕ್ಕೂ 'ನಾವು ಕಂಡುಕೊಂಡೆವು, ನಾವು ಅಳೆದೆವು' ಅಂತ ಟೈಪ್ ಮಾಡಿದ್ದ. ಲೇಖಕ ಒಬ್ಬನೇ ಆದರೆ 'ನಾವು' ನಡೆಯುವುದಿಲ್ಲ, ವಾಪಸ್ ಬರುತ್ತದೆ ಅಂತ ಜೊತೆಯವನು ಹೇಳಿದ. ಟೈಪ್‌ರೈಟರ್ ಕಾಲ. ಮತ್ತೆ ಪೂರ್ತಿ ಯಾರು ಕುಟ್ಟುತ್ತಾರೆ? ಮನೆಯ ಬೆಕ್ಕು ಚೆಸ್ಟರ್‌ನನ್ನು ಎಫ್.ಡಿ.ಸಿ. ವಿಲ್ಲರ್ಡ್ ಅಂತ ಹೆಸರಿಟ್ಟು ಎರಡನೇ ಲೇಖಕ ಮಾಡಿದ. ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚಾಯಿತು. ಆಮೇಲೆ ಕೆಲವು ಪ್ರತಿಗಳಿಗೆ ಬೆಕ್ಕು ಪಂಜದಲ್ಲಿ ಸಹಿಯನ್ನೂ ಹಾಕಿತು."

"ಹಾಗಾದರೆ ನಾನೂ ಲೇಖಕನೇ" ಅಂದ ಸುಬ್ಬು. "ಆ ಬೆಕ್ಕಿಗಿಂತ ಜಾಸ್ತಿ ಟೈಪ್ ಮಾಡಿದ್ದೇನೆ."

ಹೆಸರಿನ ಮಾತು ಬಂದದ್ದೇ ಇನ್ನೊಂದು ಜಗಳ ಎದ್ದಿತು. ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ. ಕೊಡವರಲ್ಲಿ ಮನೆ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಖಾನೆಯ ಸಾಲು ನೋಡಿ ತುಂಬಿದರೆ ಒಂದು ಥರ, ಅರ್ಥ ನೋಡಿ ತುಂಬಿದರೆ ಇನ್ನೊಂದು ಥರ.

"ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಮನೆಯವರು" ಅಂದರು ಮಾವ, ಬೆನ್ನು ನೆಟ್ಟಗೆ ಮಾಡಿ. "ಅವರು ಪೇಪರ್ ಬರೆದಿದ್ರೆ ಈ ಫಾರಂ ಏನು ಮಾಡ್ತಿತ್ತು?"

"ಸಾಲು ನೋಡಿ ತುಂಬಿದ್ರೆ ಇಬ್ಬರೂ ಬೇರೆ ಬೇರೆ ಮನೆಯವರು. ಅರ್ಥ ನೋಡಿ ತುಂಬಿದ್ರೆ ಇಬ್ಬರೂ ಬರೀ ಕೊಡಂದೇರ" ಅಂದಳು ಕಾವೇರಿ. ಅವಳ ಕಷ್ಟ ಇನ್ನೂ ದೊಡ್ಡದು. ಮದುವೆಗೆ ಮೊದಲು ತವರುಮನೆ ಹೆಸರಿನಲ್ಲಿ ಒಂದು ಪೇಪರ್ ಇದೆ, ಈಗ ಗಂಡನ ಮನೆ ಹೆಸರು. ಕಂಪ್ಯೂಟರಿನ ಲೆಕ್ಕದಲ್ಲಿ ಅವಳು ಇಬ್ಬರು ಹೆಂಗಸರು. ಇದಕ್ಕೆ ಮದ್ದು ಸಂಶೋಧಕರಿಗೆ ಕೊಡುವ ಓರ್ಕಿಡ್ ನಂಬರು, ಹದಿನಾರು ಅಂಕೆಯದು. ಹೆಸರು ಬದಲಾದರೂ ನಂಬರು ಬದಲಾಗುವುದಿಲ್ಲ.

"ಆಧಾರ್ ಇದ್ದ ಹಾಗೆ?"

"ಹ್ಞೂಂ. ನಾಲ್ಕಂಕೆ ಜಾಸ್ತಿ."

ಚಿತ್ರದ ಕಥೆ ಬೇಗ ಮುಗಿಸುತ್ತೇನೆ. ಬೋರರ್ ಕೊರೆದ ಕಾಂಡದ ಫೋಟೋ ಮಾವ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದು ದಾರಿಯಲ್ಲೇ ಕುಗ್ಗಿತ್ತು. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಬೇಕು ಅಂತ ನಿಯಮ. ಒಂದು ಕಾಲಂ ಅಗಲ ಮೂರೂವರೆ ಇಂಚು ಅಂದರೆ ಅಡ್ಡಕ್ಕೆ 1050 ಪಿಕ್ಸೆಲ್ ಬೇಕು. "ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ ಮಾವ" ಅಂದ ಮೇಲೆ ಸರಿಯಾಯಿತು. ಆದರೆ ಆ ಚಿತ್ರವನ್ನು ಸುಬ್ಬು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ್ದೇ ತಡ, ಕೋಷ್ಟಕ 2 ಐದನೇ ಪುಟಕ್ಕೆ ಹಾರಿತು, ಉಪಸಂಹಾರ ಪರಾಮರ್ಶನದ ಒಳಗೆ ಹೊಕ್ಕಿತು, ಒಂದು ಸಮೀಕರಣ ಎಲ್ಲಿ ಹೋಯಿತೋ ಈವರೆಗೆ ಪತ್ತೆ ಇಲ್ಲ.

"ಅದಕ್ಕೇ ಲೇಟೆಕ್ ಬಳಸಬೇಕಿತ್ತು" ಅಂದರು ಮೇಷ್ಟ್ರು. ಲೇಟೆಕ್ ಅಂದರೆ ಪುಟ ಜೋಡಿಸುವ ತಂತ್ರಾಂಶ. ಅದರ ಅಡಿಪಾಯವಾದ ಟೆಕ್ ಬರೆದ ಡೊನಾಲ್ಡ್ ನುಥ್ ಕಥೆ ಶುರುವಾಯಿತು. ಪ್ರೆಸ್ಸಿನಿಂದ ಬಂದ ತನ್ನ ಪುಸ್ತಕದ ಪ್ರೂಫ್ ನೋಡಿ ಮನಸ್ಸು ಕೆಟ್ಟು, 1977ರಲ್ಲಿ ತಾನೇ ಅಕ್ಷರ ಜೋಡಿಸುವ ತಂತ್ರಾಂಶ ಬರೆಯಲು ಕೂತವನು. ಬೇಗ ಮುಗಿದೀತು ಅಂದುಕೊಂಡಿದ್ದ. ಸುಮಾರು ಹತ್ತು ವರ್ಷ ಹಿಡಿಯಿತು. ಪ್ರೂಫ್ ನೋಡುವ ನನಗೆ ಆ ಮನುಷ್ಯನ ಮೇಲೆ ತುಂಬಾ ಗೌರವ. ನಾವು ಸುಮ್ನೆ ಬೈದುಕೊಂಡು ತಿದ್ದುತ್ತೇವೆ.

ಕಾಪಿ ಹೊಡೆದಿದ್ದು ಹಿಡಿಯುವ ತಂತ್ರಾಂಶದ ವರದಿ ಬಂದಾಗ ಕಾವೇರಿ ಕುರ್ಚಿಯಿಂದ ಎದ್ದೇ ಬಿಟ್ಟಳು. ಪರಾಮರ್ಶನದ ಪಟ್ಟಿ ಪೂರ್ತಿ ಕೆಂಪು. ದುಂಬಿಯ ವೈಜ್ಞಾನಿಕ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಬಂದಲ್ಲೆಲ್ಲ ಕೆಂಪು. ಅದಕ್ಕಿಂತ ಹೆಚ್ಚು ಕೆಂಪಾದದ್ದು ಅಬ್‌ಸ್ಟ್ರಾಕ್ಟ್, ಯಾಕೆಂದರೆ ಮೊದಲೇ ಕಳಿಸಿದ ಪ್ರತಿ ಸಮ್ಮೇಳನದ ಜಾಲತಾಣದಲ್ಲಿತ್ತು.

"ನನ್ನದನ್ನು ನಾನೇ ಕದ್ದಿದ್ದೇನಂತೆ!"

"ದುಂಬಿಗೆ ಬೇರೆ ಹೆಸರಿಡು" ಅಂದರು ಮಾವ.

ಪಟ್ಟಿಯನ್ನು ಲೆಕ್ಕದಿಂದ ಹೊರಗಿಡುವ ಗುಂಡಿ ಒತ್ತಿದ ಮೇಲೆ ವರದಿ ತಣ್ಣಗಾಯಿತು. ಎಷ್ಟು ಪಾಲು ಹೋಲುತ್ತದೆ ಅಂತ ವರದಿ ಕೊಡುವ ಸಂಖ್ಯೆಯನ್ನೇ ತೀರ್ಪು ಅಂದುಕೊಳ್ಳುವವರು ಬಹಳ ಇದ್ದಾರೆ. ಎಲ್ಲಿ ಕೆಂಪಾಗಿದೆ ಅಂತ ತೆರೆದು ನೋಡುವವರು ಕಮ್ಮಿ.

ಇನ್ನು ಬಾಕಿ ಇದ್ದದ್ದು ಹೆಸರು ಅಳಿಸುವುದು. ಬರೆದವರು ಯಾರು ಅಂತ ಓದುವವರಿಗೆ, ಓದುವವರು ಯಾರು ಅಂತ ಬರೆದವರಿಗೆ ತಿಳಿಯಬಾರದು. ಲೇಖಕರ ಸಾಲು ತೆಗೆದರು. "ನಮ್ಮ ಹಿಂದಿನ ಪೇಪರಿನಲ್ಲಿ" ಅನ್ನುವುದನ್ನು ತಿದ್ದಿದರು. ಕೃತಜ್ಞತೆಯ ಸಾಲಿಗೆ ಬಂದಾಗ ಗಣಪತಿ ಮಾವನ ಮುಖ ಸಣ್ಣಗಾಯಿತು. ಇಡೀ ಪೇಪರಿನಲ್ಲಿ ಅವರ ಹೆಸರಿದ್ದದ್ದು ಅದೊಂದೇ ಕಡೆ.

"ರಿಜಿಸ್ಟರ್ ನಮ್ಮದು, ಬೋರರ್ ನಮ್ಮದು, ಹೆಸರು ಮಾತ್ರ ಬೇಡ?"

"ಒಪ್ಪಿಗೆ ಆದ ಮೇಲೆ ಕ್ಯಾಮೆರಾ-ರೆಡಿ ಪ್ರತಿಯಲ್ಲಿ ವಾಪಸ್ ಹಾಕ್ತೇನೆ ಮಾವ."

"ಕ್ಯಾಮೆರಾ ಬೇರೆ ಇದೆಯಾ? ಹಾಗಾದ್ರೆ ಕುಪ್ಯ ಹಾಕಿಕೊಂಡು ಬರ್ತೇನೆ."

ಹಿಂದೆ ಪುಟದ ಫೋಟೋ ತೆಗೆದು ಅಚ್ಚಿನ ಪ್ಲೇಟ್ ಮಾಡುತ್ತಿದ್ದರು, ಆ ಹೆಸರು ಹಾಗೇ ಉಳಿದಿದೆ ಅಂತ ನಾನು ವಿವರಿಸಿದೆ. ಅಷ್ಟರಲ್ಲಿ ಅವರು ಪೀಚೆಕತ್ತಿ ಯಾವುದು ಕಟ್ಟುವುದು ಅನ್ನುವ ಯೋಚನೆಯಲ್ಲಿದ್ದರು.

ಕೊನೆಯ ಪಿಡಿಎಫ್ ತಯಾರಾಯಿತು. ಸರಿಯಾಗಿ ಆರು ಪುಟ. ಬ್ರೌಸರಿನಲ್ಲಿ ತೆರೆದು ಎಲ್ಲರೂ ಬಗ್ಗಿ ನೋಡಿದೆವು. ಹೆಸರಿಲ್ಲ, ಊರಿಲ್ಲ, ಕಾಲೇಜಿಲ್ಲ. ಮೇಲೆ ಟ್ಯಾಬಿನಲ್ಲಿ ಮಾತ್ರ ದಪ್ಪಗೆ ಕಾಣಿಸಿತು: "ಶುಭವಿವಾಹ ಫೈನಲ್ 2".

ಸುಬ್ಬು ಹಳೆಯ ಕಾರ್ಡಿನ ಫೈಲ್ ತೆರೆದು, ಅದರಲ್ಲಿದ್ದದ್ದನ್ನು ಅಳಿಸಿ, ಅಲ್ಲೇ ಟೆಂಪ್ಲೇಟ್ ಅಂಟಿಸಿದ್ದ. ಒಳಗಿದ್ದ ವಧೂವರರು ಹೋಗಿದ್ದರು, ಫೈಲಿನ ಪ್ರಾಪರ್ಟೀಸ್‌ನಲ್ಲಿ ಶೀರ್ಷಿಕೆ ಉಳಿದಿತ್ತು. ಲೇಖಕರ ಖಾನೆಯಲ್ಲಿ ಸುಬ್ಬುವಿನ ಹೆಸರು, ಮೊಬೈಲ್ ನಂಬರು ಸಮೇತ.

"ನೋಡಿ, ನಾನು ಲೇಖಕ ಅಂತ ಕಂಪ್ಯೂಟರೇ ಹೇಳ್ತಿದೆ" ಅಂದ.

ಅದನ್ನೂ ಅಳಿಸಿದರು. ಗಡಿಯಾರ ಹನ್ನೊಂದೂವರೆ ದಾಟಿತ್ತು. ಕೊನೆಯ ಗಡುವು ರಾತ್ರಿ 11:59. ಕರೆಂಟ್ ಹೋಗಿ ಯುಪಿಎಸ್ ಕೀ ಕೀ ಅನ್ನುತ್ತಿತ್ತು. ಕಾವೇರಿ ಉಗುರು ಕಚ್ಚುತ್ತಿದ್ದಳು. ಮೇಷ್ಟ್ರು ಮಾತ್ರ ನಿಧಾನಕ್ಕೆ ಪರದೆಯ ಹತ್ತಿರ ಮುಖ ತಂದರು.

"11:59ರ ಪಕ್ಕದಲ್ಲಿ ಎಒಇ ಅಂತ ಇದೆಯಲ್ಲ, ಯಾರಾದರೂ ನೋಡಿದಿರಾ? ಭೂಮಿಯ ಮೇಲೆ ಎಲ್ಲಾದರೂ ಸರಿ, ಆ ತಾರೀಕು ಇನ್ನೂ ಮುಗಿಯದಿದ್ದರೆ ಸಾಕು ಅಂತ ಅರ್ಥ. ಎಲ್ಲರಿಗಿಂತ ಕೊನೆಗೆ ದಿನ ಮುಗಿಯುವುದು ಪೆಸಿಫಿಕ್ ಸಾಗರದ ಬೇಕರ್ ದ್ವೀಪದ ಕಡೆ. ನಮ್ಮ ಲೆಕ್ಕಕ್ಕೆ ನಾಳೆ ಸಂಜೆ 5:29."

"ಅಲ್ಲಿ ಯಾರಿದ್ದಾರೆ?" ಮಾವ ಕೇಳಿದರು.

"ಯಾರೂ ಇಲ್ಲ. ಜನವಾಸವೇ ಇಲ್ಲ."

ಕಾವೇರಿಯ ಮುಖ ಅರಳಿತು. "ಹಾಗಾದ್ರೆ ಚಿತ್ರ 3ನ್ನು ಒಂಚೂರು ಎಡಕ್ಕೆ..."

ಸುಬ್ಬು ಮೌಸ್ ಕಸಿದುಕೊಂಡು ಸಬ್‌ಮಿಟ್ ಒತ್ತಿದ. "ಬೇಕರ್ ದ್ವೀಪದವರು ನಾಳೆ ಬರಲಿ ಮೇಡಂ. ನಾನು ಶಟರ್ ಎಳೀತೇನೆ."